ಕಸ್ಟಮರ್‌ಗೆ ಮೆಸೇಜ್ ಯಾವ್ದ್ರಲ್ಲಿ ಕಳ್ಸೋದು?

ಅಂಗಡಿ, ವರ್ಕ್‌ಶಾಪ್, ಮನೆಯಿಂದ್ಲೇ ವ್ಯಾಪಾರ ಮಾಡೋರು ಕಸ್ಟಮರ್ ಜೊತೆ ಮಾತಾಡೋಕೆ ಏನು ಬಳಸ್ತೀರ, ಎಲ್ಲಿ ಕಷ್ಟ ಆಗ್ತಿದೆ ಬರೀರಿ ಅಂತ ಹೋದ ಸಂಚಿಕೇಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಐದನ್ನ ಇಲ್ಲಿ ತಗೊಂಡಿದೀನಿ. ನಾನೂ ಬಸವನಗುಡೀಲಿ ಹನ್ನೊಂದು ವರ್ಷ ಸೀರೆ ಅಂಗಡಿ ನಡೆಸಿದವಳು, ಅದ್ರಲ್ಲಿ ಕಲ್ತಿದ್ದು, ತಪ್ಪು ಮಾಡಿ ಕಲ್ತಿದ್ದು ಎರಡನ್ನೂ ಸೇರಿಸಿ ಉತ್ತರ ಬರ್ದಿದೀನಿ.

ಪ್ರಶ್ನೆ: ನಮಸ್ಕಾರ ಮೇಡಂ. ಬ್ಲೌಸ್ ಹೊಲಿಯೋದು, ಸೀರೆಗೆ ಕುಚ್ಚು ಕಟ್ಟೋದು, ಫಾಲ್ಸ್ ಹಾಕೋದು ಮಾಡೋ ಸಣ್ಣ ಅಂಗಡಿ ನಂದು. ನಾನು, ಇನ್ನಿಬ್ರು ಹೆಣ್ಮಕ್ಕಳು, ಅಷ್ಟೇ ಜನ. ಬಿಲ್ ಬುಕ್‌ಗಳಲ್ಲಿ ಎಲ್ಲಾ ಸೇರಿ ಸುಮಾರು 1,400 ನಂಬರ್ ಇದೆ. ಮೊನ್ನೆ ಒಬ್ಬ ಹುಡುಗ ಬಂದು, ಅಕ್ಕ ಒಂದು ಸಾಫ್ಟ್‌ವೇರ್ ಹಾಕ್ಕೊಡ್ತೀನಿ, ಒಂದು ಬಟನ್ ಒತ್ತಿದ್ರೆ ಅಷ್ಟೂ ಜನಕ್ಕೆ ವಾಟ್ಸಾಪ್ ಹೋಗುತ್ತೆ ಅಂದ. ನಮ್ಮೆಜಮಾನ್ರು ಎಸ್‌ಎಂಎಸ್ ಮಾಡ್ಸು ಅಂತಾರೆ, ಮಗಳು ಇನ್‌ಸ್ಟಾಗ್ರಾಂ ಒಂದಿದ್ರೆ ಸಾಕು ಅಂತಾಳೆ. ವರಮಹಾಲಕ್ಷ್ಮಿ ಹಬ್ಬ ಹತ್ರ ಬರ್ತಿದೆ, ಏನು ಮಾಡ್ಲಿ? — ಓದುಗರು, ವಿಜಯನಗರ

ಉತ್ತರ: ಅಮ್ಮ, ಮೊದಲನೇದಾಗಿ ಆ ಹುಡುಗನಿಗೆ ಬೇಡಪ್ಪ ಅಂತ ಹೇಳಿ ಕಳ್ಸಿಬಿಡಿ. ಆ ಥರ ಸಾಫ್ಟ್‌ವೇರ್‌ಗಳು ನಿಮ್ಮ ವಾಟ್ಸಾಪನ್ನ ಕಂಪ್ಯೂಟರ್‌ನಲ್ಲಿ ತೆರೆದು, ನೀವೇ ಕೂತು ಟೈಪ್ ಮಾಡ್ತಿರೋ ಹಾಗೆ ತೋರಿಸ್ಕೊಂಡು ಒಂದಾದ ಮೇಲೊಂದು ಕಳಿಸ್ತಾ ಹೋಗುತ್ವೆ, ಇದಕ್ಕೆ ವಾಟ್ಸಾಪ್ ಕಂಪನಿಯ ಒಪ್ಪಿಗೆ ಇಲ್ಲ. ನಿಮ್ಮ ನಂಬರ್ ಸೇವ್ ಮಾಡ್ಕೊಳ್ದೇ ಇರೋ ನೂರಾರು ಜನಕ್ಕೆ ಹತ್ತು ನಿಮಿಷದಲ್ಲಿ ಒಂದೇ ಮೆಸೇಜ್ ಹೋದ್ರೆ ಅವ್ರಿಗೆ ಗೊತ್ತಾಗುತ್ತೆ, ಜೊತೆಗೆ ಮೆಸೇಜ್ ಬಂದೋರಲ್ಲಿ ಒಂದಷ್ಟು ಜನ ರಿಪೋರ್ಟ್ ಒತ್ತುತಾರೆ, ಆಮೇಲೆ ನಂಬರ್ ಬ್ಯಾನ್. ಬ್ಯಾನ್ ಆಗೋದು ಯಾವ ನಂಬರ್ ಅಂತ ಯೋಚ್ನೆ ಮಾಡಿ, ನಿಮ್ಮ ಬೋರ್ಡ್ ಮೇಲಿರೋದು, ಬಿಲ್ ಮೇಲಿರೋದು, ಎಷ್ಟೋ ವರ್ಷದಿಂದ ಜನ ಫೋನಲ್ಲಿ ಇಟ್ಕೊಂಡಿರೋದು. ಹಬ್ಬಕ್ಕೆ ಎಂಟು ದಿನ ಇರೋವಾಗ, ಯಾರ್ಯಾರೋ ಕಳಿಸಿರೋ ನೆಕ್ ಡಿಸೈನ್ ಫೋಟೋ ಎಲ್ಲಾ ಅದ್ರೊಳಗೆ ಸಿಕ್ಕಾಕೊಂಡ್ರೆ ಹುಡುಗ ಬಂದು ಬಿಡಿಸ್ಕೊಡಲ್ಲ.

ಇನ್ನು ಯಾವ್ದು ಬಳಸೋದು ಅನ್ನೋದು. ನಿಮ್ಮ ಅಂಗಡಿಯಿಂದ ಕಸ್ಟಮರ್‌ಗೆ ಹೋಗೋ ಮಾತು ಏನೇನು ಅಂತ ಒಂದು ವಾರ ಗಮನಿಸಿ ನೋಡಿ. "ಬ್ಲೌಸ್ ರೆಡಿ ಇದೆ ಬನ್ನಿ" ಅನ್ನೋದು ಒಂದು, ಇದನ್ನ ಆ ಕಡೆಯವರು ಕಾಯ್ತಾ ಇರ್ತಾರೆ. "ಹೊಸ ಥರ ಕುಚ್ಚು ಬಂದಿದೆ ನೋಡಿ" ಅನ್ನೋದು ಇನ್ನೊಂದು, ಇದನ್ನ ಯಾರೂ ಕಾಯ್ತಿರಲ್ಲ, ಬಂದ್ರೆ ನೋಡ್ತಾರೆ ಅಷ್ಟೇ. ಇವೆರಡಕ್ಕಿಂತ ಜಾಸ್ತಿ ಇರೋದು ಮೂರನೇದು, ಹುಕ್ ಹಿಂದೆ ಇಡ್ಲಾ ಮುಂದೆ ಇಡ್ಲಾ, ಬಾರ್ಡರ್ ತೋಳಿಗೆ ಸಾಕಾಗ್ತಿಲ್ಲ ಏನ್ಮಾಡೋಣ, ಲೈನಿಂಗ್ ಈ ಬಣ್ಣ ಆಗುತ್ತಾ, ಅಂತ ಫೋಟೋ ಹಾಕಿ ಆ ಕಡೆ ಈ ಕಡೆ ಮಾತಾಡೋದು. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಈ ಮೂರನೇದೇ. ಹಾಗಾಗಿ ನಿಮಗೆ ಬೇಕಾಗಿರೋದು ಫೋಟೋ ಕಳ್ಸಿ ಮಾತಾಡೋಕೆ ಆಗೋ ಜಾಗ, ಅದು ವಾಟ್ಸಾಪ್ ಬಿಸಿನೆಸ್ ಆಪ್. 2018ರಲ್ಲಿ ಬಂತು, ದುಡ್ಡು ಕೊಡಬೇಕಿಲ್ಲ, ನೀವು ದಿನಾ ನೋಡೋ ವಾಟ್ಸಾಪ್ ಥರಾನೇ ಇರುತ್ತೆ. ಒಂದು ಹೊಸ ಸಿಮ್ ತಗೊಂಡು ಅದ್ರಲ್ಲಿ ಹಾಕಿ, ಇಲ್ಲಾಂದ್ರೆ ಅಂಗಡಿ ನಂಬರ್‌ಗೇ ಹಾಕಿ, ಆದ್ರೆ ಮನೆ ಮಾತು ಅಂಗಡಿ ಮಾತು ಒಂದೇ ನಂಬರ್‌ನಲ್ಲಿ ಬೆರೆಸ್ಬೇಡಿ, ನಿಮ್ಮ ಅಕ್ಕನ ಮಗನ ಮುಂಜಿ ಫೋಟೋಗಳ ಮಧ್ಯೆ ಯಾರದೋ ತೋಳಿನ ಅಳತೆ ಹುಡುಕ್ತಾ ಕೂರ್ಬೇಕಾಗುತ್ತೆ.

ಅದ್ರಲ್ಲಿ ಲೇಬಲ್ ಅಂತ ಇದೆ, ಅದನ್ನ ದಯವಿಟ್ಟು ಬಳಸಿ. ಅಳತೆ ಆಗಿದೆ, ಕಟಿಂಗ್ ಆಗಿದೆ, ಟ್ರಯಲ್‌ಗೆ ಬರಬೇಕು, ರೆಡಿ, ಬಾಕಿ ಹಣ ಅಂತ ಐದು ಬಣ್ಣ ಇಟ್ಕೊಂಡ್ರೆ ಯಾರ ಬಟ್ಟೆ ಎಲ್ಲಿದೆ ಅಂತ ಪೇಪರ್ ಕೆದಕೋದು ತಪ್ಪುತ್ತೆ. ರಾತ್ರಿ ಎಂಟರ ಮೇಲೆ ತಾನಾಗೇ ಹೋಗೋ ಉತ್ತರವನ್ನ ನೀವೇ ಬರ್ದಿಡಬಹುದು, "ಅಂಗಡಿ ಮುಚ್ಚಿದೆ, ಬೆಳಿಗ್ಗೆ 11ಕ್ಕೆ ಉತ್ತರ ಕೊಡ್ತೀವಿ" ಅಂತ. ಬರ್ದ ಮೇಲೆ 11ಕ್ಕೆ ಕೊಡಿ. ಮಷಿನ್ ಮೇಲೆ ಕೂತಾಗ ಪ್ರತಿ ಟಿಂಗ್‌ಗೂ ಎದ್ದು ನೋಡೋಕಾಗಲ್ಲ, ಅದು ಕಸ್ಟಮರ್‌ಗೂ ಅರ್ಥ ಆಗುತ್ತೆ, ಅರ್ಥ ಆಗದೇ ಇರೋದು ಎರಡು ದಿನ ನೀಲಿ ಟಿಕ್ ಬಿದ್ದು ಉತ್ತರ ಇಲ್ಲದೇ ಇರೋದು. ವಾಯ್ಸ್ ಮೆಸೇಜ್‌ನಲ್ಲಿ ಯಾರಾದ್ರೂ ಅಳತೆ ಹೇಳಿದ್ರೆ ಕೇಳಿದ ತಕ್ಷಣ ಪುಸ್ತಕಕ್ಕೆ ಇಳಿಸ್ಕೊಳ್ಳಿ.

ಬ್ರಾಡ್‌ಕಾಸ್ಟ್ ಲಿಸ್ಟ್ ಬಗ್ಗೆ, ಅಂದ್ರೆ ಒಂದೇ ಮೆಸೇಜ್ ಒಂದಷ್ಟು ಜನಕ್ಕೆ ಬೇರೆ ಬೇರೆಯಾಗಿ ಹೋಗೋ ಪಟ್ಟಿ. ಒಂದು ಲಿಸ್ಟ್‌ಗೆ 256 ಜನ, ಅದೂ ನಿಮ್ಮ ನಂಬರನ್ನ ಯಾರು ಸೇವ್ ಮಾಡ್ಕೊಂಡಿದಾರೋ ಅವ್ರಿಗೆ ಮಾತ್ರ ಹೋಗುತ್ತೆ. ಅಯ್ಯೋ 1,400 ಜನ ಇದ್ದು ಇಷ್ಟೇನಾ ಅಂತ ಅನಿಸ್ಬಹುದು. ನನಗಂತೂ ಇದು ಒಳ್ಳೇ ಜರಡಿ ಅನ್ಸುತ್ತೆ, ಯಾಕಂದ್ರೆ ನಾಲ್ಕು ವರ್ಷದ ಹಿಂದೆ ಒಂದ್ಸಲ ಫಾಲ್ಸ್ ಹಾಕಿಸ್ಕೊಂಡು ಹೋದೋರಿಗೆ ನಿಮ್ಮ ಹೊಸ ಕುಚ್ಚು ಬೇಕಿಲ್ಲ, ನಂಬರ್ ಸೇವ್ ಮಾಡ್ಕೊಂಡಿರೋ ಮುನ್ನೂರು ಜನಕ್ಕೆ ಬೇಕು. ಅಳತೆ ತಗೊಳೋವಾಗ್ಲೇ ಬಾಯ್ಬಿಟ್ಟು ಕೇಳಿ, "ಹೊಸ ಡಿಸೈನ್ ಬಂದ್ರೆ ಕಳ್ಸ್ಲಾ ಮೇಡಂ?" ಅಂತ. ಹೂಂ ಅಂದ್ರೆ ಬಿಲ್ ಬುಕ್‌ನಲ್ಲಿ ಅವ್ರ ಹೆಸರಿನ ಪಕ್ಕ ಒಂದು ಟಿಕ್, ಬೇಡ ಅಂದ್ರೆ ಅಲ್ಲಿಗೆ ಮುಗೀತು. "ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಬಿಲ್ ಕೆಳಗೆ ಒಂದು ಸಾಲು ಅಚ್ಚು ಹಾಕ್ಸಿ.

ಗ್ರೂಪ್ ಮಾತ್ರ ಮಾಡ್ಬೇಡಿ. ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ನಾನೇ ಮಾಡಿದ್ದೆ. 2017ರಲ್ಲಿ, ಎಲ್ರನ್ನೂ ಒಂದೇ ಕಡೆ ಸೇರಿಸಿದ್ರೆ ಸೀರೆ ಫೋಟೋ ಹಾಕೋಕೆ ಸುಲಭ ಅಂತ ಇನ್ನೂರು ಚಿಲ್ರೆ ಕಸ್ಟಮರ್‌ಗಳನ್ನ ಯಾರನ್ನೂ ಕೇಳದೇ ಗ್ರೂಪ್‌ಗೆ ಸೇರಿಸ್ಬಿಟ್ಟೆ. ಗ್ರೂಪ್‌ನಲ್ಲಿ ಪ್ರತಿಯೊಬ್ಬರ ನಂಬರೂ ಪ್ರತಿಯೊಬ್ರಿಗೂ ಕಾಣುತ್ತೆ. ಎರಡು ವಾರ ಆದ್ಮೇಲೆ ಒಬ್ರು ಅಂಗಡಿಗೆ ಬಂದು ಮೂಲೇಲಿ ಕರ್ದು ಹೇಳಿದ್ರು, ಗ್ರೂಪ್‌ನಲ್ಲಿದ್ದ ಯಾರ ಮನೆಯವನೋ ಫೋಟೋ ನೋಡಿ ರಾತ್ರಿ ಹನ್ನೊಂದಕ್ಕೆ ಕರೆ ಮಾಡ್ತಿದಾನೆ, ನಾನು ನಿಮಗೆ ನಂಬರ್ ಕೊಟ್ಟಿದ್ದು ಸೀರೆ ಬಂದಾಗ ಹೇಳ್ಲಿ ಅಂತ, ಊರಿಗೆಲ್ಲಾ ಹಂಚ್ಲಿ ಅಂತ ಅಲ್ಲ. ಅವತ್ತೇ ಗ್ರೂಪ್ ತೆಗೆದೆ, ಕ್ಷಮೆ ಕೇಳ್ದೆ, ಅವ್ರು ಮತ್ತೆ ಬರ್ಲಿಲ್ಲ. ಬರಬೇಕು ಅಂತ ನಿರೀಕ್ಷೆ ಮಾಡೋ ಹಕ್ಕೂ ನನಗಿರ್ಲಿಲ್ಲ.

ಮಗಳು ಹೇಳ್ತಿರೋದ್ರಲ್ಲೂ ಅರ್ಥ ಇದೆ, ಇನ್‌ಸ್ಟಾಗ್ರಾಂ ನಿಮ್ಮ ಅಂಗಡಿಯ ಗಾಜಿನ ಶೋಕೇಸ್ ಇದ್ದ ಹಾಗೆ, ಹೊಸಬರು ಅಲ್ಲಿ ನೋಡ್ಕೊಂಡು ಬರ್ತಾರೆ, ಅವಳ ಕೈಲೇ ಫೋಟೋ ಹಾಕ್ಸಿ, ಮಾತುಕತೆಗೆ ವಾಟ್ಸಾಪ್ ಲಿಂಕ್ ಕೊಡ್ಸಿ. ಎರಡೂ ಕಡೆ ಮಾತಾಡೋಕೆ ಹೋದ್ರೆ ಒಂದು ಕಡೆ ಆರ್ಡರ್ ಕಳ್ದುಹೋಗುತ್ತೆ. ಎಜಮಾನ್ರು ಹೇಳೋ ಎಸ್‌ಎಂಎಸ್ ಮೂರು ಜನರ ಅಂಗಡಿಗೆ ಸಾಕಷ್ಟು ಓಡಾಟದ ಕೆಲಸ, ಯಾಕೆ ಅಂತ ಮುಂದಿನ ಉತ್ತರದಲ್ಲಿದೆ. ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯಂದಿರಿಗೆ ಫೋನೇ ಮಾಡಿ.

ಇನ್ನೊಂದು, ನಂಬರ್‌ಗಳನ್ನ ಬಿಲ್ ಬುಕ್‌ನಲ್ಲಿ ಬರೆಯೋದು ನಿಲ್ಲಿಸ್ಬೇಡಿ. 2021ರ ಅಕ್ಟೋಬರ್ 4ಕ್ಕೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಒಟ್ಟಿಗೆ ನಿಂತೋಗಿದ್ವು, ನಮ್ಮ ಟೈಮಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲಿಂದ ಬೆಳಗಿನ ಜಾವದವರೆಗೂ. ನವರಾತ್ರಿಗೆ ಮೂರು ದಿನ ಇತ್ತು, ಆರ್ಡರ್ ಎಲ್ಲಾ ಫೋನೊಳಗೇ ಇದ್ದೋರು ಆ ರಾತ್ರಿ ನಿದ್ದೆ ಮಾಡ್ಲಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ರಕ್ತ ಪರೀಕ್ಷೆ ಲ್ಯಾಬ್, ಮೂರು ಬ್ರಾಂಚ್ ಇದೆ. ರಿಪೋರ್ಟ್ ರೆಡಿ ಅಂತ ಹೇಳೋಕೆ ಎಸ್‌ಎಂಎಸ್ಸಾ, ವಾಟ್ಸಾಪಾ? ಈಗ ಕೌಂಟರ್ ಹುಡುಗೀರು ಅವ್ರವ್ರ ಸ್ವಂತ ಫೋನಿಂದ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸ್ತಿದಾರೆ. ಎಸ್‌ಎಂಎಸ್ ಕನ್ನಡದಲ್ಲಿ ಕಳಿಸಿದ್ರೆ ದುಬಾರಿ ಅಂತಾರಲ್ಲ, ನಿಜಾನಾ? — ಲ್ಯಾಬ್ ಮ್ಯಾನೇಜರ್, ರಾಜಾಜಿನಗರ

ಉತ್ತರ: ಸರ್, ಸ್ವಂತ ಫೋನಿಂದ ಕಳಿಸೋದನ್ನ ಈ ವಾರವೇ ನಿಲ್ಲಿಸಿ. ಆ ಹುಡುಗಿ ನಾಳೆ ಕೆಲಸ ಬಿಟ್ರೆ ನೂರಾರು ಜನರ ರಿಪೋರ್ಟ್ ಅವಳ ಫೋನಲ್ಲಿ ಉಳೀತು, ಅವಳ ನಂಬರ್ ನೂರಾರು ಅಪರಿಚಿತರ ಹತ್ರ ಉಳೀತು, ಎರಡೂ ತಪ್ಪೇ.

ರಿಪೋರ್ಟ್ ರೆಡಿ ಅಂತ ತಿಳಿಸೋದು ಬೇರೆ, ರಿಪೋರ್ಟನ್ನೇ ಕಳಿಸೋದು ಬೇರೆ. ತಿಳಿಸೋಕೆ ನಿಮಗೆ ಎಸ್‌ಎಂಎಸ್ ಚೆನ್ನಾಗಿದೆ, ನಿಮ್ಮಲ್ಲಿಗೆ ಬರೋರಲ್ಲಿ ವಯಸ್ಸಾದವರು ಜಾಸ್ತಿ, ಬಟನ್ ಫೋನ್ ಇರ್ಲಿ ಡೇಟಾ ಖಾಲಿ ಆಗಿರ್ಲಿ ಎಸ್‌ಎಂಎಸ್ ತಲುಪುತ್ತೆ. ಆದ್ರೆ ಸಿಮ್ ಇಟ್ಕೊಂಡು ಸಿಕ್ಕ ಹಾಗೆ ಕಳಿಸೋ ಕಾಲ ಹೋಯ್ತು. ಫೋನ್ ಕಂಪನಿಗಳಿಗೆ ನಿಯಮ ಹಾಕೋ ಸರ್ಕಾರಿ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ವ್ಯಾಪಾರದ ಮೆಸೇಜ್ ಕಳಿಸೋರು ಡಿಎಲ್‌ಟಿ ಅನ್ನೋ ವ್ಯವಸ್ಥೇಲಿ ನೋಂದಣಿ ಮಾಡ್ಸಬೇಕು. ಯಾವುದಾದ್ರೂ ಒಂದು ಟೆಲಿಕಾಂ ಕಂಪನಿಯ ಪೋರ್ಟಲ್‌ನಲ್ಲಿ ಪ್ಯಾನ್, ಜಿಎಸ್‌ಟಿ ಕಾಗದ ಹಾಕಿ, ಸುಮಾರು ಐದಾರು ಸಾವಿರ ಕಟ್ಟಿ ಲ್ಯಾಬ್ ಹೆಸರಲ್ಲಿ ಐಡಿ ತಗೋಬೇಕು, ಆಮೇಲೆ ಆರು ಇಂಗ್ಲಿಷ್ ಅಕ್ಷರದ ಹೆಡರ್, ಅಂದ್ರೆ ಮೆಸೇಜ್ ಮೇಲೆ ಕಾಣೋ ನಿಮ್ಮ ಹೆಸರು, ಅದಾದ ಮೇಲೆ ಟೆಂಪ್ಲೇಟ್. ಟೆಂಪ್ಲೇಟ್ ಅಂದ್ರೆ ನೀವು ಏನು ಕಳಿಸ್ತೀರೋ ಆ ವಾಕ್ಯ, ಹೆಸರು ಟೈಮ್ ಮಾತ್ರ ಖಾಲಿ ಬಿಟ್ಟು. ಕಳಿಸೋ ಮೆಸೇಜ್ ಟೆಂಪ್ಲೇಟ್‌ಗೆ ಹೊಂದಿಲ್ಲ ಅಂದ್ರೆ ದಾರೀಲೇ ನಿಂತೋಗುತ್ತೆ. 2021ರ ಮಾರ್ಚ್‌ನಲ್ಲಿ ಇದನ್ನ ಬಿಗಿ ಮಾಡಿದಾಗ ಬ್ಯಾಂಕ್‌ಗಳ ಒಟಿಪಿಗಳೇ ಸಿಕ್ಕಾಕೊಂಡು ಒಂದು ವಾರ ಸಡಿಲ ಮಾಡ್ಬೇಕಾಯ್ತು, ಆಮೇಲೆ ಮತ್ತೆ ಶುರುವಾಯ್ತು. 2024ರ ಅಕ್ಟೋಬರ್‌ನಿಂದ ಮೆಸೇಜ್‌ನೊಳಗಿನ ಲಿಂಕೂ ಮೊದಲೇ ನೋಂದಣಿ ಆಗಿರ್ಬೇಕು. ಮೂರು ಬ್ರಾಂಚ್ ಲ್ಯಾಬ್‌ಗೆ ಇದು ಒಂದ್ಸಲದ ಶ್ರಮ, ಮಾಡ್ಸಿ.

ಕನ್ನಡದ ವಿಷಯ, ಹೌದು ನಿಜ, ಆದ್ರೆ ಪೂರ್ತಿ ನಿಜ ಅಲ್ಲ. ಇಂಗ್ಲಿಷ್‌ನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದು ದಾಟಿದ್ರೆ ಮೆಸೇಜ್ ಒಡೆದು ತುಂಡಿಗೆ 67ರ ಲೆಕ್ಕದಲ್ಲಿ ಹೋಗುತ್ತೆ, ಪ್ರತಿ ತುಂಡಿಗೂ ಬಿಲ್. ಜೊತೆಗೆ ಕಂಪ್ಯೂಟರ್ ಎಣಿಸೋ ರೀತಿ ನಮ್ಮದಲ್ಲ, "ನಿಮ್ಮ" ಅನ್ನೋದು ನಮ್ಮ ಕಣ್ಣಿಗೆ ಎರಡೇ ಅಕ್ಷರ, ಅದ್ರ ಲೆಕ್ಕದಲ್ಲಿ ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಆಗಿ ಐದು. ಇಷ್ಟಾದ್ರೂ ಈ ವಾಕ್ಯ ನೋಡಿ: "ನಿಮ್ಮ ರಿಪೋರ್ಟ್ ರೆಡಿ ಇದೆ. ಸಂಜೆ 7ರ ಒಳಗೆ ಬಂದು ತಗೊಳ್ಳಿ." ಎಣಿಸಿ ನೋಡ್ದೆ, 51 ಆಗುತ್ತೆ. ಇನ್ನೂ 19 ಉಳೀತು, ಲ್ಯಾಬ್ ಹೆಸರು ಚಿಕ್ಕದಾಗಿದ್ರೆ ಅದೂ ಹಿಡಿಸುತ್ತೆ. ಅಂದ್ರೆ ಒಂದೇ ಮೆಸೇಜ್‌ನ ದುಡ್ಡು. ದುಬಾರಿ ಆಗೋದು "ಆತ್ಮೀಯ ಗ್ರಾಹಕರೇ, ತಮ್ಮ ಪರೀಕ್ಷಾ ವರದಿಯು ಸಿದ್ಧವಾಗಿರುತ್ತದೆ ಎಂದು ತಿಳಿಸಲು ಹರ್ಷಿಸುತ್ತೇವೆ" ಅಂತ ಶುರು ಮಾಡಿದಾಗ. ಆಡೋ ಕನ್ನಡದಲ್ಲಿ ಬರೀರಿ, ಚಿಕ್ಕದೂ ಆಗುತ್ತೆ, ಓದೋರಿಗೆ ಅರ್ಥಾನೂ ಆಗುತ್ತೆ. ರಕ್ತ ಕೊಟ್ಟು ಮನೇಲಿ ಆತಂಕದಿಂದ ಕೂತಿರೋ ಒಬ್ಬ ಅಮ್ಮನಿಗೆ ತನ್ನ ಭಾಷೇಲಿ ಒಂದು ಸಾಲು ಬರೋದು ಎಷ್ಟು ಸಮಾಧಾನ ಅಂತ ನಾನು ನಮ್ಮತ್ತೆ ಮುಖದಲ್ಲಿ ನೋಡಿದೀನಿ. ಟೆಂಪ್ಲೇಟ್ ಹಾಕೋವಾಗ ಯೂನಿಕೋಡ್ (ಕನ್ನಡ ಅಕ್ಷರ ಹೋಗೋಕೆ ಬೇಕಾದ್ದು) ಅನ್ನೋದನ್ನ ಆರಿಸೋದು ಮರೀಬೇಡಿ.

ಮೆಸೇಜ್‌ನಲ್ಲಿ ಯಾವ ಟೆಸ್ಟ್ ಅಂತ ಮಾತ್ರ ಬರೀಬೇಡಿ. ಫಾರಂನಲ್ಲಿ ಕೊಟ್ಟಿರೋ ನಂಬರ್ ಎಷ್ಟೋ ಸಲ ಮಗಂದು, ಗಂಡಂದು, ಪಕ್ಕದ ಮನೆಯವರದು. ಗರ್ಭದ ಟೆಸ್ಟ್, ಎಚ್‌ಐವಿ ಟೆಸ್ಟ್ ಹೆಸರು ಬೇರೆಯವರ ಫೋನ್ ಪರದೆ ಮೇಲೆ ಮಿನುಗಿದ್ರೆ ಒಂದು ಮನೇನೇ ಅಲ್ಲಾಡಬಹುದು. ರಿಪೋರ್ಟ್ ಯಾವ ನಂಬರ್‌ಗೆ, ವಾಟ್ಸಾಪ್‌ಗಾ, ಇಮೇಲ್‌ಗಾ, ಕೈಗೇ ಬೇಕಾ ಅಂತ ರಕ್ತ ತಗೊಳೋ ಮೊದಲೇ ಕೇಳಿ ಬರ್ಸ್ಕೊಂಡು ಸಹಿ ಹಾಕ್ಸಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ ಅಂತಾನೇ 2023ರಲ್ಲಿ ಕಾಯ್ದೆ ಬಂದಿದೆ, ಒಪ್ಪಿಗೆ ಕೇಳೋದು, ಕೊಟ್ಟ ಒಪ್ಪಿಗೆ ವಾಪಸ್ ತಗೊಳೋಕೆ ಬಿಡೋದು ಅದ್ರ ತಿರುಳು. ಕಾಯ್ದೆ ಇಲ್ಲದಿದ್ರೂ ಮಾಡ್ಬೇಕಾದ ಕೆಲಸ ಇದು.

ವಾಟ್ಸಾಪ್‌ನಲ್ಲಿ ರಿಪೋರ್ಟ್ ಬೇಕು ಅನ್ನೋರು ಜಾಸ್ತಿ ಆದ್ರೆ ನಿಮಗೆ ಸಣ್ಣ ಬಿಸಿನೆಸ್ ಆಪ್ ಸಾಲಲ್ಲ, ಒಂದು ಫೋನು, ಅದಕ್ಕೆ ಜೋಡಿಸಿದ ನಾಲ್ಕು ಕಂಪ್ಯೂಟರ್, ಅದ್ರಲ್ಲಿ ಮೂರು ಬ್ರಾಂಚ್ ನಡೆಸೋದು ಗೋಜಲು. ದೊಡ್ಡ ಸಂಸ್ಥೆಗಳಿಗೆ ಅಂತ ಇರೋ ವಾಟ್ಸಾಪ್ ಬಿಸಿನೆಸ್ ಪ್ಲಾಟ್‌ಫಾರಂ ನಿಮ್ಮ ಲ್ಯಾಬ್ ಸಾಫ್ಟ್‌ವೇರ್‌ಗೇ ಸೇರ್ಕೊಳ್ಳುತ್ತೆ. ಅದ್ರಲ್ಲಿ ಕಸ್ಟಮರ್ ತಾವಾಗಿ ಮೆಸೇಜ್ ಮಾಡಿದ್ರೆ ಅಲ್ಲಿಂದ 24 ಗಂಟೆ ನೀವು ಬೇಕಾದ ಹಾಗೆ ಉತ್ತರ ಕೊಡಬಹುದು, ಆ ಗಡುವು ಮುಗಿದ ಮೇಲೆ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ. 2025ರ ಜುಲೈಯಿಂದ ಟೆಂಪ್ಲೇಟ್‌ಗಳಿಗೆ ಮೆಸೇಜ್ ಲೆಕ್ಕದಲ್ಲಿ ದುಡ್ಡು, ಮಾರ್ಕೆಟಿಂಗ್ ಅಂದ್ರೆ ದುಬಾರಿ, ರಿಪೋರ್ಟ್ ರೆಡಿ ಥರದ ಯುಟಿಲಿಟಿ ಮೆಸೇಜ್ ಅದಕ್ಕಿಂತ ತುಂಬಾ ಅಗ್ಗ. ನಮ್ಮ ಮೆಟ್ರೋದವರು 2022ರ ನವೆಂಬರ್ 1ರಿಂದ ವಾಟ್ಸಾಪ್‌ನಲ್ಲಿ ಟಿಕೆಟ್ ಕೊಡ್ತಿರೋದು ಗಮನಿಸಿರ್ತೀರ, ಪ್ರಯಾಣಿಕರೇ ಮೊದಲು ಹಾಯ್ ಅಂತ ಕಳಿಸ್ತಾರೆ, ಕ್ಯೂಆರ್ ಟಿಕೆಟ್ ಬರುತ್ತೆ, ಮುಗೀತು. ನೀವೂ ಹಾಗೇ ಬಿಲ್ ಮೇಲೆ ಕ್ಯೂಆರ್ ಅಚ್ಚು ಹಾಕ್ಸಿ, ಬೇಕಾದೋರು ಸ್ಕ್ಯಾನ್ ಮಾಡಿ ಅವ್ರೇ ಕೇಳ್ಲಿ, ಯಾರ ಕೈಲಿ ಫೋನ್ ಇದೆ ಅನ್ನೋ ಅನುಮಾನವೂ ಅರ್ಧ ಕಮ್ಮಿ ಆಗುತ್ತೆ.

ಪ್ರಶ್ನೆ: ಮನೇಲೇ ಊಟ ಮಾಡಿ ಪಕ್ಕದ ಪಿಜಿ ಹುಡುಗರಿಗೆ, ಆಫೀಸಿನವರಿಗೆ ಡಬ್ಬಿ ಕಳಿಸ್ತೀನಿ. ದಿನಾ ಬೆಳಿಗ್ಗೆ ಅರವತ್ತು ಜನಕ್ಕೆ ಮೆನು ಕಳ್ಸಿ ಕಳ್ಸಿ ಸಾಕಾಗಿದೆ. ಟೆಲಿಗ್ರಾಂ ಚಾನೆಲ್ ಮಾಡ್ಲಾ? — ಗೃಹಿಣಿ, ಬನಶಂಕರಿ

ಉತ್ತರ: ಬೇಡ ಅಕ್ಕ, ವಾಟ್ಸಾಪ್ ಸ್ಟೇಟಸ್ ಹಾಕಿ. ಮೆನು ಅನ್ನೋದು ಒಂದು ದಿನದ ಮಾತು, ಸ್ಟೇಟಸೂ 24 ಗಂಟೆಗೆ ಅಳಿಸ್ಹೋಗುತ್ತೆ, ಇವತ್ತಿನ ಬಸ್ಸಾರು ಮುದ್ದೆ ನಾಳೆ ಯಾರನ್ನೂ ಕಾಡಲ್ಲ. ಅವ್ರ ನಂಬರ್ ನಿಮ್ಮ ಹತ್ರ, ನಿಮ್ಮ ನಂಬರ್ ಅವ್ರ ಹತ್ರ ಸೇವ್ ಆಗಿದ್ರೆ ಕಾಣುತ್ತೆ, ಬೇಕಾದೋರು ಅದಕ್ಕೇ ರಿಪ್ಲೈ ಒತ್ತಿ "ಎರಡು ಡಬ್ಬಿ" ಅಂತಾರೆ. ಯಾರು ನೋಡಿದ್ರು ಅನ್ನೋದೂ ಬಹುತೇಕ ಗೊತ್ತಾಗುತ್ತೆ. ಟೆಲಿಗ್ರಾಂ ಚಾನೆಲ್ ಚೆನ್ನಾಗೇ ಇದೆ, ಎಷ್ಟು ಜನ ಬೇಕಾದ್ರೂ ಸೇರಬಹುದು, ಒಬ್ಬರ ನಂಬರ್ ಇನ್ನೊಬ್ರಿಗೆ ಕಾಣಲ್ಲ, ಆದ್ರೆ ಅರವತ್ತು ಜನರನ್ನ ಮೆನು ನೋಡೋಕೋಸ್ಕರ ಇನ್ನೊಂದು ಆಪ್ ಹಾಕ್ಕೊಳ್ಳಿ ಅಂತ ಒಪ್ಪಿಸೋ ಹೊತ್ತಿಗೆ ನಿಮ್ಮ ಅನ್ನ ಆರಿರುತ್ತೆ. ಮುಂದೆ ಐನೂರು ಡಬ್ಬಿ ಆದಾಗ 2023ರಲ್ಲಿ ಬಂದ ವಾಟ್ಸಾಪ್ ಚಾನೆಲ್ ನೋಡಿ, ಅದ್ರಲ್ಲೂ ನಂಬರ್ ಕಾಣಲ್ಲ. ಆರ್ಡರ್ ಮಾತ್ರ ಹತ್ತು ಗಂಟೆ ಒಳಗೆ ಅಂತ ಗಡುವು ಇಡಿ, ಹತ್ತೂವರೆಗೆ ಒಲೆ ಹತ್ರ ಫೋನ್ ಹಿಡ್ಕೊಂಡು ನಿಲ್ಬೇಡಿ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಚಿಕ್ಕ ಸಿಎನ್‌ಸಿ ಯೂನಿಟ್, ಅಂದ್ರೆ ಕಂಪ್ಯೂಟರ್ ನಡೆಸೋ ಮೆಷಿನ್‌ನಲ್ಲಿ ಕಂಪನಿಗಳಿಗೆ ಬಿಡಿಭಾಗ ಕಡೆದು ಕೊಡೋ ಟರ್ನಿಂಗ್ ಜಾಬ್ ವರ್ಕ್ ಮಾಡ್ತೀವಿ. ಈಗ ಎಲ್ಲಾ ಕಂಪನಿಯವರೂ ಡ್ರಾಯಿಂಗು, ರೇಟು, ಅರ್ಜೆಂಟು ಎಲ್ಲಾ ವಾಟ್ಸಾಪ್‌ನಲ್ಲೇ ಕಳಿಸ್ತಾರೆ. ಹೋದ ತಿಂಗಳು ಹಳೇ ಡ್ರಾಯಿಂಗ್ ನೋಡಿ 600 ಪೀಸ್ ಹೊಡೆದ್ಬಿಟ್ವಿ, ಪೂರ್ತಿ ರಿಜೆಕ್ಟ್. ಹೊಸ ರಿವಿಷನ್, ಅಂದ್ರೆ ತಿದ್ದಿದ ಡ್ರಾಯಿಂಗ್, ನಮ್ಮ ಸೂಪರ್‌ವೈಸರ್ ಫೋನ್‌ಗೆ ಬಂದಿತ್ತಂತೆ, ಅವ್ರು ಆ ವಾರ ರಜ. ಕಂಪನಿಯವರು ಕಳಿಸಿದ್ವಿ ಅಂತಾರೆ. ಇದಕ್ಕೇನು ದಾರಿ? — ಯೂನಿಟ್ ಮಾಲೀಕರು

ಉತ್ತರ: ನಿಮ್ಮ ಪತ್ರ ಓದಿ ಹೊಟ್ಟೆ ಉರೀತು ಸರ್. 600 ಪೀಸ್ ಅಂದ್ರೆ ಮೆಟೀರಿಯಲ್, ಟೂಲ್, ಕರೆಂಟು, ಎರಡು ಶಿಫ್ಟ್ ಹುಡುಗರ ಬೆವರು.

ನಿಮ್ಮ ಥರ ಕೆಲಸದಲ್ಲಿ ಇಮೇಲ್ ಬಿಟ್ರೆ ಬೇರೆ ದಾರಿ ಇಲ್ಲ. ಹಳೇ ಕಾಲದ್ದು ಅನಿಸ್ಬಹುದು, ಆದ್ರೆ ಯಾರು, ಯಾವತ್ತು, ಎಷ್ಟು ಗಂಟೆಗೆ, ಯಾವ ಫೈಲ್ ಕಳಿಸಿದ್ರು ಅನ್ನೋದು ಅದ್ರಲ್ಲಿ ಉಳಿಯೋ ಹಾಗೆ ಇನ್ನೆಲ್ಲೂ ಉಳಿಯಲ್ಲ, ಸಬ್ಜೆಕ್ಟ್ ಹಾಕಿ ಹುಡುಕಿದ್ರೆ ಮೂರು ವರ್ಷದ ಹಿಂದಿಂದೂ ಸಿಗುತ್ತೆ, ಸೂಪರ್‌ವೈಸರ್ ರಜ ಹಾಕಿದ್ರೂ ಸಿಗುತ್ತೆ. ಯಾರದೋ ಹೆಸರಿನ ಮೇಲ್ ಬೇಡ, ಯೂನಿಟ್ ಹೆಸರಲ್ಲಿ ಆರ್ಡರ್ಸ್ ಅಂತ ಒಂದು ಐಡಿ ಮಾಡ್ಸಿ, ಆಫೀಸಲ್ಲಿರೋರು ಇಬ್ಬರಾದ್ರೂ ಅದನ್ನ ನೋಡೋ ಹಾಗಿರ್ಲಿ. ಪಿಒ (ಪರ್ಚೇಸ್ ಆರ್ಡರ್), ಡ್ರಾಯಿಂಗ್, ರೇಟ್, ಡೆಲಿವರಿ ದಿನ, ಈ ನಾಲ್ಕು ಆ ಐಡಿಗೆ ಬರ್ಲೇಬೇಕು ಅಂತ ಎಲ್ಲಾ ಕಂಪನಿಗೂ ಒಂದು ಕಾಗದ ಬರ್ದುಬಿಡಿ. ಅವ್ರು ಕೇಳಲ್ಲ, ಮತ್ತೆ ವಾಟ್ಸಾಪ್‌ಗೇ ಹಾಕ್ತಾರೆ, ಗೊತ್ತು. ಆಗ ನೀವೇ ಅವತ್ತೇ ಒಂದು ಮೇಲ್ ಹಾಕಿ, "ವಾಟ್ಸಾಪ್‌ನಲ್ಲಿ ನೀವು ಕಳಿಸಿದ ಡ್ರಾಯಿಂಗ್ ಇದರ ಜೊತೆ ಇದೆ, ರಿವಿಷನ್ 3, ಇದರ ಪ್ರಕಾರ ಶುರು ಮಾಡ್ತಿದೀವಿ, ಬದಲಾವಣೆ ಇದ್ರೆ ನಾಳೆ ಮಧ್ಯಾಹ್ನದ ಒಳಗೆ ತಿಳಿಸಿ" ಅಂತ. ನಾಲ್ಕು ಸಾಲು, ಐದು ನಿಮಿಷ. ಮೆಷಿನ್ ಪಕ್ಕ ನೇತುಹಾಕೋ ಪ್ರಿಂಟ್ ಆ ಮೇಲ್‌ನಿಂದಲೇ ತೆಗೀಬೇಕು, ಯಾರ ಫೋನಿಂದಲೂ ಅಲ್ಲ. ರಿವಿಷನ್ ನಂಬರ್ ಇಲ್ಲದ ಡ್ರಾಯಿಂಗ್ ಮೆಷಿನ್ ಹತ್ರ ಹೋಗ್ಲೇಬಾರ್ದು.

ವಾಟ್ಸಾಪ್‌ಗೂ ಜಾಗ ಇದೆ. ಗಾಡಿ ಹೊರಟಿದೆ, ಡೆಲಿವರಿ ಚಲನ್ ಫೋಟೋ ಇದು, ಇ-ವೇ ಬಿಲ್ ಇದು, ಮೊದಲ ಪೀಸ್ ಫಿನಿಶ್ ಹೀಗೆ ಬಂದಿದೆ ನೋಡಿ ಅನ್ನೋಕೆಲ್ಲಾ ಅದಕ್ಕಿಂತ ಬೇಗ ಯಾವ್ದೂ ಇಲ್ಲ. ಡ್ರಾಯಿಂಗನ್ನ ಫೋಟೋ ಆಗಿ ಮಾತ್ರ ತಗೋಬೇಡಿ, ಫೋಟೋ ಕಳಿಸ್ದಾಗ ವಾಟ್ಸಾಪ್ ಅದನ್ನ ಕುಗ್ಗಿಸುತ್ತೆ, 3 ಯಾವ್ದು 8 ಯಾವ್ದು ಅಂತ ಗೊತ್ತಾಗದೇ ಇರೋ ಟಾಲರೆನ್ಸ್ (ಅಳತೇಲಿ ಎಷ್ಟು ಹೆಚ್ಚು ಕಮ್ಮಿ ಆಗಬಹುದು ಅನ್ನೋ ಅಂಕಿ) ಮೇಲೆ ಕೆಲಸ ಮಾಡೋಕಾಗುತ್ತಾ? ಡಾಕ್ಯುಮೆಂಟ್ ಅಂತ ಆರಿಸಿ ಪಿಡಿಎಫ್ ಕಳಿಸೋಕೆ ಹೇಳಿ.

ದುಡ್ಡಿನ ವಿಷಯಕ್ಕೂ ಇದು ಬೇಕಾಗುತ್ತೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಣಿ ಇರೋ ಸಣ್ಣ ಯೂನಿಟ್‌ಗೆ ಮಾಲು ಒಪ್ಪಿಕೊಂಡ 45 ದಿನದ ಒಳಗೆ ಪೇಮೆಂಟ್ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಆಗ ಪಿಒ, ಇನ್‌ವಾಯ್ಸ್ ಕೇಳ್ತಾರೆ. ವಾಟ್ಸಾಪ್ ಮಾತೂ ಕೋರ್ಟ್‌ನಲ್ಲಿ ಸಾಕ್ಷಿ ಆಗಬಹುದು, ಆದ್ರೆ ಅದಕ್ಕೆ ಈ ದಾಖಲೆ ಅಸಲಿ ಅಂತ ಹೇಳೋ ಸರ್ಟಿಫಿಕೇಟ್ ಬೇಕು, ಮೊದಲು ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಅಂತಿದ್ರಲ್ಲ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 63ನೇ ಸೆಕ್ಷನ್. ಮೇಲ್‌ಗೂ ಅದೇ ನಿಯಮ, ಆದ್ರೆ ಮೆಸೇಜ್ ಬಂದ ಫೋನ್ ಸೂಪರ್‌ವೈಸರ್‌ದು, ಅವ್ರು ಕೆಲಸ ಬಿಟ್ಟು ಊರಿಗೆ ಹೋಗಿ ಫೋನ್ ಬದಲಾಯಿಸಿದ್ರೆ ಏನು ತೋರಿಸ್ತೀರ? ಈಗಿನ 600 ಪೀಸ್‌ಗೆ, ಆ ಕಂಪನಿ ಪಿಒನಲ್ಲಿ ಯಾವ ರಿವಿಷನ್ ಬರ್ದಿದೆ ಅಂತ ನೋಡಿ. ಹಳೇದೇ ಬರ್ದಿದ್ರೆ ನಿಮ್ಮ ಕೈ ಗಟ್ಟಿ ಇದೆ, ಜಗಳ ಬೇಡ, ಪಿಒ ಪ್ರತಿ ಹಿಡ್ಕೊಂಡು ಹೋಗಿ ಪರ್ಚೇಸ್‌ನವರ ಎದುರು ಕೂತು ಮಾತಾಡಿ, ನಷ್ಟ ಅರ್ಧರ್ಧ ಆದ್ರೂ ಹಂಚ್ಕೊಳ್ಳೋಕೆ ಕೇಳಿ.

ಪ್ರಶ್ನೆ: ನಾನು ವ್ಯಾಪಾರಿ ಅಲ್ಲ ತಾಯಿ, ಗ್ರಾಹಕ. 71 ವರ್ಷ. ದಿನಕ್ಕೆ ಮೂವತ್ತು ಮೆಸೇಜ್ ಬರುತ್ತೆ, ಸೈಟು, ಸಾಲ, ಚಿನ್ನ, ಕಣ್ಣಿನ ತಪಾಸಣೆ. ಇದ್ರ ಮಧ್ಯೆ ಮೆಡಿಕಲ್ ಸ್ಟೋರ್‌ನವರು ಮಾತ್ರೆ ಬಂದಿದೆ ಅಂತ ಕಳಿಸಿದ್ದು ಎರಡು ದಿನ ಕಾಣ್ಲೇ ಇಲ್ಲ. ಎಲ್ಲಾ ನಿಲ್ಲಿಸೋದು ಹೇಗೆ, ಅದೊಂದು ಉಳಿಸ್ಕೊಳೋದು ಹೇಗೆ? — ನಿವೃತ್ತ ಶಿಕ್ಷಕರು, ಮಲ್ಲೇಶ್ವರಂ

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನ ಮೇಲಿನ ನಾಲ್ಕೂ ಜನ ಓದಬೇಕು ಅಂತಾನೇ ಕೊನೇಲಿ ಇಟ್ಟಿದೀನಿ.

ಎಸ್‌ಎಂಎಸ್‌ಗೆ 1909 ಇದೆ. ಆ ನಂಬರ್‌ಗೆ ಫೋನ್ ಮಾಡಿ ಜಾಹೀರಾತು ಬೇಡ ಅಂತ ನೋಂದಾಯಿಸಿ, ಅಥವಾ ಮೊಮ್ಮಕ್ಕಳ ಕೈಲಿ ಟ್ರಾಯ್‌ನ ಡಿಎನ್‌ಡಿ (ಅಂದ್ರೆ ತೊಂದರೆ ಕೊಡಬೇಡಿ) ಆಪ್ ಹಾಕ್ಸಿ. ಇದ್ರಿಂದ ನಿಲ್ಲೋದು ಜಾಹೀರಾತು ಮಾತ್ರ, ಬ್ಯಾಂಕಿನ ಒಟಿಪಿ ಥರದ್ದು ಬರ್ತಾನೇ ಇರುತ್ತೆ, ಹಾಗಾಗಿ ಹೆದರಬೇಡಿ. ಇತ್ತೀಚೆಗೆ ಮೆಸೇಜ್ ಕಳಿಸಿದೋರ ಹೆಸರಿನ ಕೊನೇಲಿ ಅಡ್ಡಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ ನೋಡಿ, ಪಿ ಅಂದ್ರೆ ಜಾಹೀರಾತು, ಎಸ್ ಅಂದ್ರೆ ಸೇವೆ, ಟಿ ಅಂದ್ರೆ ವಹಿವಾಟು, ಜಿ ಅಂದ್ರೆ ಸರ್ಕಾರ. ಪಿ ಇದ್ದಿದ್ದನ್ನ ತೆರೀದೇ ಅಳಿಸಬಹುದು. ಬೇಡ ಅಂದ್ಮೇಲೂ ಬಂದ್ರೆ ಏಳು ದಿನದ ಒಳಗೆ 1909ಕ್ಕೇ ದೂರು ಕೊಡಿ, ಮೊದಲು ಮೂರೇ ದಿನ ಇತ್ತು, 2025ರಲ್ಲಿ ಜಾಸ್ತಿ ಮಾಡಿದಾರೆ.

ವಾಟ್ಸಾಪ್‌ಗೆ ಈ 1909 ನಡೆಯಲ್ಲ. ಅಲ್ಲಿ ಒಂದೊಂದಾಗಿ ಬ್ಲಾಕ್ ಮಾಡ್ಬೇಕು, ಜೊತೆಗೆ ರಿಪೋರ್ಟ್ ಕೂಡ ಒತ್ತಿ, ಸಂಕೋಚ ಬೇಡ. ಅಂಗಡಿಯವರಿಗೆ ನಾನು ಹೇಳೋದು ಇಷ್ಟೇ, ಯಾರಾದ್ರೂ ಬೇಡ ಅಂತ ಒಂದು ಪದ ಬರ್ದು ಕಳಿಸಿದ್ರೆ ಅವತ್ತೇ ಅವ್ರ ನಂಬರನ್ನ ಲಿಸ್ಟಿಂದ ತೆಗೀರಿ, "ಯಾಕೆ ಸರ್?" ಅಂತ ತಿರುಗಿ ಕೇಳ್ಬೇಡಿ. ನೀವು ಕಳಿಸೋ ಪ್ರತಿ ಆಫರ್ ಮೆಸೇಜ್ ಇನ್ಯಾರದೋ ಮಾತ್ರೆಯ ಮೆಸೇಜನ್ನ ಒಂದು ಸಾಲು ಕೆಳಗೆ ತಳ್ಳುತ್ತೆ.

ಮೆಡಿಕಲ್ ಸ್ಟೋರ್‌ಗೆ ಇವತ್ತು ಸಂಜೆ ವಾಕಿಂಗ್ ಹೋದಾಗ ಹೋಗಿ, ಅವ್ರ ನಂಬರನ್ನ "ಮಾತ್ರೆ ಅಂಗಡಿ" ಅಂತ ಸೇವ್ ಮಾಡ್ಕೊಳ್ಳಿ, ವಾಟ್ಸಾಪ್‌ನಲ್ಲಿ ಅವ್ರ ಹೆಸರನ್ನ ಒತ್ತಿ ಹಿಡಿದು ಪಿನ್ ಗುರುತು ಒತ್ತಿದ್ರೆ ಯಾವಾಗ್ಲೂ ಮೇಲೇ ಇರುತ್ತೆ. ಮತ್ತೆ ಅವ್ರಿಗೆ ಹೇಳಿ, ನನಗೆ ಮೆಸೇಜ್ ಬೇಡಪ್ಪ, ಮಾತ್ರೆ ಬಂದ್ರೆ ಒಂದು ಮಿಸ್ಡ್ ಕಾಲ್ ಕೊಡು ಸಾಕು ಅಂತ.